ಬಾನೆಟ್ಟಿನ ಮೇಲಿನ ಕಿಟಕಿ

ಅವಳ ಕೆಲಸ ಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚು ಮೂರು ಬೀದಿ ಆಚೆಯ ಲ್ಯಾಬಿಗೆ ಬರುತ್ತದೆ. ಅಲ್ಲಿ ಸಾಲಾಗಿ ಕೂತ ಆರು ಜನರಲ್ಲಿ ಯಾರದಾದರೂ ಕೈ ಸೇರಿ, ಗುಲಾಬಿ ವಸಡೂ ಬಿಳಿ ಹಲ್ಲೂ ಆಗಿ ಹೊರಗೆ ಹೋಗುತ್ತದೆ. ಆ ಆರರಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತವಳು ಇವಳೊಬ್ಬಳೇ. ಲ್ಯಾಬಿನವರು ಅವಳನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಯಾರಾದರೂ ಮದುವೆಯ ಮಾತೆತ್ತಿದರೆ, "ಊರವರ ಹಲ್ಲು ಕಟ್ಟೋದ್ರಲ್ಲಿ ನನ್ನ ಹಲ್ಲೇ ಅಲ್ಲಾಡೋ ವಯಸ್ಸಾಯ್ತು, ಇನ್ನು ಬಿಡಿ" ಎಂದು ನಕ್ಕು ಮಾತು ಮುಗಿಸುತ್ತಿದ್ದಳು.

ಅವಳ ಪಾಲಿಗೆ ಬರುತ್ತಿದ್ದುದು ಕೊನೆಯ ಕೆಲಸ, ಹೊಳಪು ಕೊಡುವುದು. ಒರಟು ಕಲ್ಲಿನಿಂದ ಶುರುಮಾಡಿ, ಕಾಗದಕ್ಕೆ ಬಂದು, ಒದ್ದೆ ಪುಡಿಗೆ ಬಂದು, ಕಡೆಗೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದರೆ ವಸಡು ನಿಜವಾದ ವಸಡಿನಂತೆ ಒದ್ದೆಯಾಗಿ ಕಾಣುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು. "ಹೊಳಪು ಅನ್ನೋದು ಮೇಲಿಂದ ಬಳಿಯೋ ವಸ್ತು ಅಂದ್ಕೋಬೇಡಿ. ಗೀರುಗಳನ್ನ ಸಣ್ಣ ಮಾಡ್ತಾ ಹೋಗಿ. ಕಣ್ಣಿಗೆ ಕಾಣದಷ್ಟು ಸಣ್ಣ ಆದಾಗ ಅದನ್ನೇ ಜನ ಹೊಳಪು ಅಂತಾರೆ."

ಮನೆಯಲ್ಲಿದ್ದುದು ಅವಳೂ ಅವಳಪ್ಪನೂ. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ತಮ್ಮ ಅದೇ ಊರಿನ ಇನ್ನೊಂದು ಕೊನೆಯಲ್ಲಿ ಹೆಂಡತಿ ಮಕ್ಕಳೊಂದಿಗಿದ್ದ, ಭಾನುವಾರ ಬಂದು ಹೋಗುತ್ತಿದ್ದ. ಅಪ್ಪ ಡ್ರೈವರ್. ಒಂದು ನೂಲಿನ ಕಾರ್ಖಾನೆಯ ಮ್ಯಾನೇಜರ ಕಾರನ್ನು ಇಪ್ಪತ್ತೆಂಟು ವರ್ಷ ಓಡಿಸಿದವನು. ಮ್ಯಾನೇಜರುಗಳು ನಾಲ್ಕು ಜನ ಬದಲಾದರು, ಕಾರು ಮಾತ್ರ ಒಂದೇ ಉಳಿಯಿತು. ದುಂಡು ಹೆಗಲಿನ, ಅಗಲ ಬಾನೆಟ್ಟಿನ ಹಳೇ ಕಾಲದ ಕಾರು. ಅಪ್ಪ ಆ ಕಾರಿಗೆ ಒಂದು ಗೀರೂ ಬೀಳದಂತೆ ನೋಡಿಕೊಂಡಿದ್ದ. ಮಕ್ಕಳಿಬ್ಬರೂ ಮೊಣಕೈ ಮೊಣಕಾಲು ತುಂಬ ತರಚಿಕೊಂಡು ಬೆಳೆದರು ಎಂದು ಅಮ್ಮ ಹಂಗಿಸುತ್ತಿದ್ದಳು.

ಅಪ್ಪನ ಕಣ್ಣು ಹೋಗುತ್ತಿದೆ ಎಂದು ತಿಳಿದಾಗ ತಡವಾಗಿತ್ತು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುವ ಕಾಯಿಲೆ. ಮೊದಲು ಪಕ್ಕದ ನೋಟ ಹೋಗುತ್ತದೆ, ಆಮೇಲೆ ಕೊಳವೆಯಲ್ಲಿ ಇಣುಕಿದ ಹಾಗೆ ನಡುವೆ ಒಂದಿಷ್ಟು ಉಳಿಯುತ್ತದೆ, ಬರುಬರುತ್ತಾ ಅದೂ ಮಸುಕಾಗುತ್ತದೆ. ಎಪ್ಪತ್ತೊಂಬತ್ತನೇ ವಯಸ್ಸಿಗೆ ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಬೆಳಕು, ನೆರಳು ತಿಳಿಯುತ್ತಿತ್ತು. ಮುಖ ತಿಳಿಯುತ್ತಿರಲಿಲ್ಲ. ಏನಾದರೂ ಫಳ್ಳನೆ ಹೊಳೆದರೆ ಮಾತ್ರ ಕಾಣುತ್ತಿತ್ತು, ಸ್ಟೀಲಿನ ಲೋಟ, ನಲ್ಲಿಯ ತಲೆ, ಒದ್ದೆ ನೆಲ. "ಹೊಳೆಯೋದಿದ್ರೆ ಕಾಣುತ್ತೆ ಕಣಮ್ಮ, ಮಿಕ್ಕಿದ್ದೆಲ್ಲ ಬೂದಿ" ಎನ್ನುತ್ತಿದ್ದ.

ತಮ್ಮನೇ ಒಂದು ಭಾನುವಾರ ಆ ಕಿಟ್ಟನ್ನು ತಂದದ್ದು. ಅಂಗೈಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ ಕಾರು, ಬಿಡಿಬಿಡಿ ಭಾಗಗಳನ್ನು ಜೋಡಿಸಿಕೊಳ್ಳುವಂಥದ್ದು. ಅಪ್ಪ ಓಡಿಸುತ್ತಿದ್ದ ಮಾದರಿಯೇ. "ಅಪ್ಪನಿಗೆ ಹೊತ್ತು ಹೋಗುತ್ತೆ, ನೀನು ಜೋಡಿಸಿ ಕೊಡು" ಎಂದ. ಅವಳು ಎರಡು ಸಂಜೆಯಲ್ಲಿ ಮೈಯನ್ನೂ ಚಕ್ರವನ್ನೂ ಸೇರಿಸಿ ಅಪ್ಪನ ಕೈಗಿಟ್ಟಳು. ಅಪ್ಪ ಬೆರಳಾಡಿಸಿದ. ಹೆಗಲು, ಬಾಗಿಲಿನ ಹಿಡಿ, ಹಿಂದಿನ ಗಾಜಿನ ಅಂಚು ಎಲ್ಲವನ್ನೂ ಗುರುತು ಹಿಡಿದ. ಕಿಟಕಿಯ ಕಡೆ ಎತ್ತಿ ಹಿಡಿದ. ಹೊರಳಿಸಿದ. ಮೇಜಿನ ಮೇಲಿಟ್ಟ.

"ಚೆನ್ನಾಗಿದೆಯಾ?" ಎಂದಳು.

"ಚೆನ್ನಾಗಿದೆ. ಮುಟ್ಟಿದ್ರೆ ಕಾರು. ನೋಡಿದ್ರೆ ಏನೂ ಇಲ್ಲ."

ಪ್ಲಾಸ್ಟಿಕ್ಕಿನ ಮೈ ಮಂಕು ಬಿಳಿಯಾಗಿತ್ತು. ಅವಳಿಗೆ ಆ ಮಾತು ಚುಚ್ಚಿತು. ಇಷ್ಟು ವರ್ಷ ಗುರುತು ಪರಿಚಯವಿಲ್ಲದವರ ವಸಡಿಗೆ ಹೊಳಪು ಕೊಟ್ಟವಳು ತಾನು. ಅಪ್ಪನಿಗೆ ಕಾಣುವಂಥ ಒಂದು ಕಾರು ಮಾಡಲು ತನ್ನಿಂದಾಗದೇ?

ಬಣ್ಣ ಯಾವುದು ಎಂಬಲ್ಲೇ ಮೊದಲ ಜಗಳ. ತಮ್ಮ ಕಪ್ಪು ಎಂದ. ಅಪ್ಪ ನೀಲಿ ಎಂದ.

"ಅಪ್ಪ, ನಾನೇ ಎಷ್ಟು ಸಲ ಹತ್ತಿಲ್ಲ ಅದರಲ್ಲಿ? ಕಪ್ಪಂದ್ರೆ ಕಪ್ಪು."

"ಬಿಸಿಲಲ್ಲಿ ನೋಡಿದ್ದೀಯಾ ನೀನು? ನೀನು ಹತ್ತಿದ್ದೆಲ್ಲ ಕದ್ದು, ಶೆಡ್ಡಿನ ಒಳಗೆ. ಶೆಡ್ಡಲ್ಲಿ ಹಸಿರೂ ಕಪ್ಪೇ."

ಕಡುನೀಲಿ ಎಂದು ತೀರ್ಮಾನವಾಯಿತು. ಬಿಸಿಲಿಗೆ ಹಿಡಿದಾಗ ಮಾತ್ರ ನೀಲಿ ಎಂದು ಗೊತ್ತಾಗುವಂಥ ನೀಲಿ.

ಅವಳು ಸ್ಪ್ರೇ ಡಬ್ಬಿ ತಂದು, ಹಿತ್ತಲಲ್ಲಿ ಹಳೇ ಪೇಪರು ಹಾಸಿ, ಕಾರಿನ ಮೈಯನ್ನು ಒಂದು ಬಾಟಲಿಯ ಕುತ್ತಿಗೆಗೆ ಸಿಕ್ಕಿಸಿ, ಮೂಗಿಗೆ ಲ್ಯಾಬಿನ ಮಾಸ್ಕ್ ಏರಿಸಿ ಹೊಡೆದಳು. ಸಿನಿಮಾದಲ್ಲಿ ಬೆಂಕಿ ಆರಿಸುವವರ ಹಾಗೆ ಒಂದೇ ಸಮನೆ ಹೊಡೆದಳು. ಬಣ್ಣ ಬಾಗಿಲ ಮೇಲಿಂದ ಸೋರಿ ಕೆಳಗೆ ಹನಿಗಟ್ಟಿತು. ಛಾವಣಿಯ ಮೇಲೆ ಒಂದು ಸೊಳ್ಳೆ ಕೂತು ಅಲ್ಲೇ ಪ್ರಾಣ ಬಿಟ್ಟಿತು. ಒಣಗಿದ ಮೇಲೆ ಇಡೀ ಮೈ ಕಿತ್ತಳೆ ಸಿಪ್ಪೆಯಂತೆ ಸಣ್ಣಸಣ್ಣ ಗುಂಡಿ ಬಿದ್ದಿತ್ತು. ಹೋಗಲಿ, ಉಜ್ಜಿದರಾಯಿತು ಎಂದು ಲ್ಯಾಬಿಗೆ ಒಯ್ದು, ತಾನು ಕಣ್ಣು ಮುಚ್ಚಿ ಮಾಡಬಲ್ಲ ಕೆಲಸವಲ್ಲವೇ ಎಂದು ಬಟ್ಟೆಯ ಚಕ್ರಕ್ಕೆ ಹಿಡಿದಳು. ಹಲ್ಲಿನ ವಸಡು ಗಟ್ಟಿ, ಚಕ್ರ ತಿರುಗುವ ಬಿಸಿ ತಡೆಯುತ್ತದೆ. ಕಾರಿನ ಬಣ್ಣ ಬೆಣ್ಣೆಯಂತೆ ಸುಲಿದುಹೋಯಿತು. ಬಾನೆಟ್ಟಿನ ನಡುವೆ ಬಿಳಿ ಪ್ಲಾಸ್ಟಿಕ್ ಇಣುಕಿತು. ಪಕ್ಕದ ಕುರ್ಚಿಯವಳು ನೋಡಿ, "ಹಲ್ಲಕ್ಕ, ಇದಕ್ಕೆ ಬೋಳುತಲೆ ಬಂತು" ಎಂದಳು.

ಆಗ ಅವಳು ಹೋದದ್ದು ಗನ್ ಮೇಷ್ಟ್ರ ಬಳಿಗೆ. ಕೈಯಲ್ಲಿ ಕೋಲು ಹಿಡಿದ ಮೇಷ್ಟ್ರಲ್ಲ, ಬಂದೂಕು ಹಿಡಿದವರೂ ಅಲ್ಲ. ಲ್ಯಾಬಿನ ಹಿಂದಿನ ಬೀದಿಯಲ್ಲಿ ಗುದ್ದಿದ ಕಾರುಗಳನ್ನು ಸರಿಮಾಡುವ ವರ್ಕ್‌ಶಾಪಿನಲ್ಲಿ ಬಣ್ಣದ ಗನ್ ಹಿಡಿದು ನಲವತ್ತು ವರ್ಷ ಕಳೆದ ಮನುಷ್ಯ. ಎರಡು ವರ್ಷದ ಹಿಂದೆ ಅವರ ಕೆಳಸಾಲಿನ ಹಲ್ಲುಗಳನ್ನು ಇವಳೇ ಮಾಡಿದ್ದಳು. ಅವರು ಬೋಳು ಬಾನೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಇವಳು ಮಾಡಿದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕರು.

"ಅವಸರ ಏನಿತ್ತಮ್ಮ ನಿಮಗೆ?"

"ಅವಸರ ಏನಿರ್ಲಿಲ್ಲ ಮೇಷ್ಟ್ರೇ, ನಿಧಾನವಾಗೇ ಹೊಡೆದೆ."

"ಅದೇ ತಪ್ಪು. ಕೈ ಬೇಗ ಹೋಗ್ಬೇಕು, ಮನಸ್ಸು ನಿಧಾನ ಇರ್ಬೇಕು. ನೀವು ಉಲ್ಟಾ ಮಾಡಿದ್ದೀರಿ."

ಅವರು ಒಂದು ಹಳೇ ತಗಡಿನ ಮೇಲೆ ಹೊಡೆದು ತೋರಿಸಿದರು. ಡಬ್ಬಿಯನ್ನು ಮೊದಲು ಕೈ ತಡೆಯುವಷ್ಟು ಬಿಸಿನೀರಲ್ಲಿ ಹತ್ತು ನಿಮಿಷ ನಿಲ್ಲಿಸಬೇಕು, ಒಳಗಿನ ಬಣ್ಣ ತೆಳುವಾಗಿ ಸಣ್ಣ ಹನಿಯಾಗಿ ಬರುತ್ತದೆ. ಬೆರಳು ಒತ್ತುವುದು ಕಾರಿನ ಆಚೆ, ಬಿಡುವುದು ಕಾರಿನ ಈಚೆ. ಕಾರಿನ ಮೇಲೆ ಶುರು ಮಾಡಿದರೂ ಹನಿ, ನಿಲ್ಲಿಸಿದರೂ ಹನಿ. ಮೊದಲೆರಡು ಸಲ ಬಣ್ಣ ಮುಚ್ಚಲೇಬೇಕೆಂಬ ಆಸೆ ಬೇಡ, ಮಂಜು ಬಿದ್ದ ಹಾಗೆ ಬಿದ್ದರೆ ಸಾಕು. ಆಮೇಲೆ ಒಂದು ಕೋಟು ಧೈರ್ಯ ಮಾಡಿ ಒದ್ದೆಯಾಗಿ ಹೊಡೆಯಬೇಕು, ಸೋರುವುದಕ್ಕೆ ಒಂದು ಕೂದಲೆಳೆ ಮೊದಲು ನಿಲ್ಲಿಸಬೇಕು.

"ಆ ಕೂದಲೆಳೆ ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?"

"ಸೋರಿಸಿ ಸೋರಿಸಿಯೇ" ಎಂದರು ಮೇಷ್ಟ್ರು.

ಅವಳು ಹಾಳಾದ ಬಣ್ಣವನ್ನು ತೆಗೆದಳು. ಮೇಷ್ಟ್ರು ಕೊಟ್ಟ ಹಳೇ ಬ್ರೇಕ್ ಆಯಿಲಿನಲ್ಲಿ ಕಾರಿನ ಮೈ ಎರಡು ದಿನ ಮುಳುಗಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿಸಿಕೊಂಡು, ಹುಟ್ಟಿದ ದಿನದ ಬಿಳಿಗೆ ಬಂತು. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದಳು. ಬಣ್ಣ ಹಿಡಿಯಲೆಂದು ತಳಕ್ಕೆ ಬೂದು ಪ್ರೈಮರ್ ಹೊಡೆದಳು. ಎರಡನೇ ಸಲದ ಬಣ್ಣಕ್ಕೆ ಮೋಡದ ದಿನವನ್ನು ಆರಿಸಿಕೊಂಡು ಮತ್ತೆ ಕೆಟ್ಟಳು. ಗಾಳಿಯ ತೇವ ಕೂತು, ನೀಲಿಯ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಎದ್ದಿತು. ಮತ್ತೆ ಆಯಿಲು, ಮತ್ತೆ ಬ್ರಷ್ಷು. ಅಷ್ಟು ದಿನವೂ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದ. "ಆಯ್ತಾ ಪುಟ್ಟಿ?" ಐವತ್ತೊಂದರ ಪುಟ್ಟಿ "ಇನ್ನೂ ಇಲ್ಲಪ್ಪ" ಎನ್ನುತ್ತಿದ್ದಳು.

ಮೂರನೇ ಸಲ ಹಿತ್ತಲು ಬೇಡವೆಂದು ಬಚ್ಚಲುಮನೆಗೆ ಹೋದಳು. ನೆಲಕ್ಕೂ ಗೋಡೆಗೂ ನೀರು ಚಿಮುಕಿಸಿ, ಧೂಳು ಅಡಗುವವರೆಗೆ ಕಾದಳು. ಕಿಟಕಿ ತೆಗೆದಿಟ್ಟಳು. ಅದು ಒಣ ಬಿಸಿಲಿನ ಭಾನುವಾರ ಬೆಳಿಗ್ಗೆ. ಎರಡು ಮಂಜಿನ ಕೋಟು, ನಡುವೆ ಇಪ್ಪತ್ತು ಇಪ್ಪತ್ತು ನಿಮಿಷ. ಆಮೇಲೆ ಉಸಿರು ಬಿಗಿಹಿಡಿದು ಒದ್ದೆ ಕೋಟು. ಡಬ್ಬಿಯ ಸದ್ದು ಕಾರಿನ ಮೂತಿಯಿಂದ ಬಾಲಕ್ಕೆ ಸರಿದುಹೋಯಿತು. ಬಣ್ಣದ ಹನಿಗಳೆಲ್ಲ ಒಂದನ್ನೊಂದು ಕೂಡಿಕೊಂಡು, ಕೊಳದ ನೀರು ನಿಂತ ಹಾಗೆ ನಿಂತುಬಿಟ್ಟವು. ಎಲ್ಲಿಯೂ ಸೋರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. "ಆಯ್ತು! ಅಪ್ಪ, ಆಯ್ತು!" ಎಂದು ಕೂಗಿಯೇಬಿಟ್ಟಳು.

ಕಾರನ್ನು ನಡುಮನೆಯ ಮೇಜಿನ ಮೇಲಿಟ್ಟು, ಧೂಳು ಬೀಳದಂತೆ ರಟ್ಟಿನ ಡಬ್ಬ ಬೋರಲು ಹಾಕಿ, ಕೈ ತೊಳೆಯಲು ಹೋದಳು. ಬರುವಷ್ಟರಲ್ಲಿ ಡಬ್ಬ ಪಕ್ಕಕ್ಕೆ ಸರಿದಿತ್ತು. ಅಪ್ಪ ಮೇಜಿನ ಮುಂದೆ ನಿಂತಿದ್ದ. ಹೆಬ್ಬೆರಳು ಛಾವಣಿಯ ಮೇಲೆ ಊರಿತ್ತು.

"ಕಣ್ಣು ಕಾಣಲ್ವಾ ನಿಂಗೆ?"

ಯಾರಾದರೂ ಕಾಲು ತುಳಿದರೆ, ಹಾಲಿನ ಪಾತ್ರೆ ಉರುಳಿಸಿದರೆ, ಯಾರ ಬಾಯಿಂದಲಾದರೂ ಬರುವ ಮಾತು. ಅಮ್ಮ ಅವಳಿಗೆ ಸಾವಿರ ಸಲ ಅಂದಿದ್ದ ಮಾತು. ಅದು ಹೊರಗೆ ಬಂದು ಗೋಡೆಗೆ ತಾಗಿದ ಮೇಲೆ ಅವಳಿಗೆ ತಾನು ಅಂದದ್ದೇನು ಎಂದು ಕೇಳಿಸಿತು.

ಅಪ್ಪ ಬೆರಳು ಎತ್ತಿದ. "ಇಲ್ಲಮ್ಮ" ಎಂದ. "ಕಾಣಲ್ಲ." ಕಣ್ಣಿನ ಡಾಕ್ಟರು ಕೇಳಿದಾಗ ಹೇಳುವ ಹಾಗೆಯೇ ಹೇಳಿದ, ಸಿಟ್ಟಿಲ್ಲ, ಬಿಂಕವಿಲ್ಲ. ಹೆಬ್ಬೆರಳಿಗೆ ಅಂಟಿದ ನೀಲಿಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತ. ಅವಳು ಬಟ್ಟೆಗೆ ಥಿನ್ನರ್ ಹಾಕಿ ಒರೆಸಿದಳು.

ಮುಂದಿನ ಐದಾರು ದಿನ ಅಪ್ಪ ಮನೆಯಲ್ಲಿ ನೆಂಟನ ಹಾಗಿದ್ದ. ಏನು ಮುಟ್ಟಬೇಕಾದರೂ ಕೇಳುತ್ತಿದ್ದ. "ಈ ಲೋಟ ತಗೊಳ್ಲಾ?" "ಇಲ್ಲಿ ಕೂತ್ಕೊಳ್ಲಾ?" "ಟವೆಲ್ ನಂದೇನಾ ಇದು?" ಕುಟುಕುವುದಕ್ಕೆ ಕೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ನಿಜವಾಗಿಯೂ ಕೇಳುತ್ತಿದ್ದ. ಕಾರಿನ ವಿಷಯವೊಂದನ್ನು ಮಾತ್ರ ಎತ್ತುತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಅವಳು ಎರಡು ಸಲ ಅವನ ಎದುರು ಹೋಗಿ ಕೂತಳು. ಎರಡು ಸಲವೂ "ಕಾಫಿ ಕೊಡ್ಲಾ?" ಎಂದು ಎದ್ದುಬಂದಳು. ಕೇಳಬೇಕಾದರೆ ಆ ಮಾತನ್ನು ಮತ್ತೊಮ್ಮೆ ಬಾಯಿಗೆ ತರಬೇಕಿತ್ತು, ಅದು ಆಗುತ್ತಿರಲಿಲ್ಲ.

ಕಡೆಗೆ ಹೇಳಿಕೊಂಡದ್ದು ಮೇಷ್ಟ್ರ ಹತ್ತಿರ. ಅವರು ಆಗ ಒಂದು ಬಿಳಿ ಕಾರಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಅಂಗೈಯನ್ನು ತಗಡಿನ ಮೇಲೆ ಮೆಲ್ಲಗೆ ಸರಿಸುತ್ತಿದ್ದರು. ಕೇಳಿಸಿಕೊಂಡೇ ಸರಿಸುತ್ತಿದ್ದರು.

"ಬಣ್ಣ ಒಣಗಿದೆಯಾ ಅಂತ ಮುಟ್ಟಿ ನೋಡದ ಮನುಷ್ಯ ಇನ್ನೂ ಹುಟ್ಟಿಲ್ಲ ಬಿಡಿ" ಎಂದರು. "ಕಣ್ಣಿರೋ ಓನರುಗಳೇ ಬಂದು ಉಗುರಲ್ಲಿ ಕೆರೆದು ಹೋಗ್ತಾರೆ."

"ಅದಲ್ಲ ಮೇಷ್ಟ್ರೇ, ನಾನಂದ ಮಾತು..."

"ಮಾತಿನ ಗೀರು ಉಜ್ಜೋಕೆ ನನ್ನ ಹತ್ರ ವಾಟರ್ ಪೇಪರ್ ಇಲ್ಲಮ್ಮ." ಅವರ ಅಂಗೈ ನಿಂತಿತು. "ಹಾಂ, ಇಲ್ಲಿದೆ ನೋಡಿ ತಗ್ಗು." ಸೀಮೆಸುಣ್ಣದಲ್ಲಿ ಸುತ್ತು ಬರೆದರು. ಅವಳು ಬಗ್ಗಿ ನೋಡಿದಳು. ಏನೂ ಕಾಣಲಿಲ್ಲ. ಮುಟ್ಟಿ ನೋಡಿದಳು. ಆಗಲೂ ಗೊತ್ತಾಗಲಿಲ್ಲ.

"ಕಣ್ಣು ಮುಚ್ಕೊಂಡ್ಯಾಕೆ ನೋಡ್ತೀರಿ?"

"ತೆರೆದಿದ್ರೆ ಅದು ಮಧ್ಯೆ ಬಾಯಿ ಹಾಕುತ್ತೆ. ಕೈ ಹೇಳೋದು ಕೇಳ್ಸಲ್ಲ."

ಅವಳು ಲ್ಯಾಬಿಗೆ ಹೋಗುವ ಬದಲು ಮನೆಯ ದಾರಿ ಹಿಡಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಹೇಳದೆ ಕೇಳದೆ ರಜೆ ಹಾಕಿದ್ದು ಅದೇ ಮೊದಲು.

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಅವಳು ಕಾರಿನ ಮೈಯನ್ನು ತಂದು ಅವನ ತೊಡೆಯ ಮೇಲಿಟ್ಟಳು.

"ಅಪ್ಪ, ಇದನ್ನ ಮುಟ್ಟು."

ಅಪ್ಪ ಕೈ ಹಿಂದಕ್ಕೆಳೆದುಕೊಂಡ. "ಒಣಗಿದೆಯಾ?"

"ಒಣಗಿದೆ. ಎಲ್ಲೆಲ್ಲಿ ಸರಿ ಇಲ್ಲ ಹೇಳು."

ಅಪ್ಪ ತೋರುಬೆರಳನ್ನು ಛಾವಣಿಯ ಮೇಲೆ ಸರಿಸಿದ. ಸಿಕ್ಕಿತು. "ಇದು ನಂದು" ಎಂದ.

"ಹೂಂ."

"ಇದರಿಂದ ಈಚೆಗೆ ಇನ್ನೊಂದಿದೆ. ಧೂಳಿನ ಕಣ ಇರ್ಬೇಕು. ಇದು ನಿಂದು." ಅವಳು ಕಾರನ್ನು ಬೆಳಕಿಗೆ ಹಿಡಿದು ನೋಡಿದಳು. ಹಿಂದಿನ ಗಾಜಿನ ಅಂಚಿನಲ್ಲಿ, ಸೂಜಿಮೊನೆಯಷ್ಟು, ಇತ್ತು. "ಬಾನೆಟ್ಟು ಪರವಾಗಿಲ್ಲ. ಎಡಗಡೆ ಹಿಂದಿನ ಬಾಗಿಲು ಕೆಳಗೆ ಒರಟು. ಅಲ್ಲಿ ನಿನ್ನ ಕೈ ದೂರ ಹೋಗಿತ್ತಾ?"

ಹೋಗಿತ್ತು. ಅಲ್ಲಿ ನಲ್ಲಿ ಅಡ್ಡ ಬಂದು ಅವಳು ಡಬ್ಬಿಯನ್ನು ಹಿಂದಕ್ಕೆ ಎಳೆದಿದ್ದಳು. ದೂರದಿಂದ ಬಂದ ಹನಿ ದಾರಿಯಲ್ಲೇ ಅರ್ಧ ಒಣಗಿ, ಹರಡದೆ ಕಾಳುಕಾಳಾಗಿ ಕೂತಿತ್ತು.

"ಅಪ್ಪ, ಅವತ್ತು ನಾನು ಹಾಗಂದಿದ್ದು..."

"ಅಂದಿದ್ರಲ್ಲಿ ಸುಳ್ಳೇನಿತ್ತು?"

"ಸುಳ್ಳಲ್ಲ ಅಂತಾನೇ ಅಲ್ವಾ ಅಪ್ಪ, ಅನ್ನಬಾರದಿತ್ತು."

ಅಪ್ಪನ ಬೆರಳು ಎಡಬಾಗಿಲ ಮೇಲೆ ಹೋಗಿಬರುತ್ತಲೇ ಇತ್ತು. "ಎದೆಗೆ ಬಡೀತು, ಇಲ್ಲ ಅನ್ನಲ್ಲ" ಎಂದ. "ಆದ್ರೆ ನೀನು ಕಿರುಚಿದ ರೀತಿ ಇದೆಯಲ್ಲ, ಅಚ್ಚು ನಿಮ್ಮಮ್ಮನೇ. ಆ ಧ್ವನಿ ಕೇಳಿ ನಾಲ್ಕು ವರ್ಷ ಆಗಿತ್ತು. ಯಾವುದಕ್ಕೆ ಬೇಜಾರು ಮಾಡ್ಕೊಳ್ಲಿ ಅಂತಾನೇ ಗೊತ್ತಾಗಲಿಲ್ಲ."

ಅವಳು ಅತ್ತಳು. ಅಪ್ಪನಿಗೆ ಅದು ಕೇಳಿಸಿತು. "ಮೂಗು ಒರೆಸ್ಕೊ, ಬಣ್ಣಕ್ಕೆ ತೇವ ಆಗಲ್ಲ ಅಂತ ನೀನೇ ಅಂದಿದ್ದೆ" ಎಂದ.

ಅಂದಿನಿಂದ ಕೆಲಸ ಇಬ್ಬರದಾಯಿತು. ಬಣ್ಣ ಹೊಡೆಯುವುದು ಅವಳು, ಉಜ್ಜುವುದು ಅಪ್ಪ. ಒಂದು ತೊಂದರೆಯಿತ್ತು. ಕಾರಿನ ಏಣುಗಳ ಮೇಲೆ, ಬಾಗಿಲಿನ ಅಂಚುಗಳ ಮೇಲೆ ಬಣ್ಣ ತೆಳ್ಳಗಿರುತ್ತದೆ. ಅಲ್ಲಿ ನಾಲ್ಕು ಸಲ ಉಜ್ಜಿದರೆ ಪ್ರೈಮರ್ ಎದ್ದು ಬರುತ್ತದೆ. ಕಣ್ಣಿದ್ದವರೇ ತಪ್ಪುವ ಜಾಗ. ಅವಳು ಅಂಚುಗಳ ಉದ್ದಕ್ಕೂ ಕೂದಲಷ್ಟು ಸಣ್ಣಗೆ ಕತ್ತರಿಸಿದ ಟೇಪು ಅಂಟಿಸಿದಳು. ಅದು ಬಣ್ಣವನ್ನೂ ಕಾಯುತ್ತಿತ್ತು, ಅಪ್ಪನ ಬೆರಳಿಗೆ ಬೇಲಿಯೂ ಆಗುತ್ತಿತ್ತು. ಅಪ್ಪ ತಟ್ಟೆಯ ನೀರಿಗೆ ಒಂದು ತೊಟ್ಟು ಸೋಪು ಹಾಕಿಸಿಕೊಂಡು, ಉಗುರಗಲದ ವಾಟರ್ ಪೇಪರನ್ನು ನೆನೆಸಿ, ಬೇಲಿಯಿಂದ ಬೇಲಿಗೆ ಹೋಗಿ ವಾಪಸ್ಸು ಬರುತ್ತಿದ್ದ. ಎಂಟು ಸಲ ಉಜ್ಜಿ, ಒರೆಸಿ, ತುಟಿಯ ಅಂಚಿಗೆ ತಾಗಿಸಿ ನೋಡುತ್ತಿದ್ದ. ಬೆರಳಿಗಿಂತ ತುಟಿಗೆ ಹೆಚ್ಚು ಗೊತ್ತಾಗುತ್ತದೆಯಂತೆ. ಅವಳು ಲ್ಯಾಬಿನಲ್ಲಿ ಅದನ್ನು ಪರೀಕ್ಷಿಸಿ ನೋಡಿದಳು. ನಿಜವೇ ಆಗಿತ್ತು.

ಹೆಬ್ಬೆರಳ ಗುರುತು ಒಂದು ಬೆಳಿಗ್ಗೆಯಲ್ಲಿ ಹೋಯಿತು. ಮತ್ತೊಂದು ನೀಲಿ ಕೋಟು, ಅದು ಒಣಗಿದ ಮೇಲೆ ಗಾಜಿನಂಥ ಕ್ಲಿಯರ್ ಕೋಟು ಮೂರು. ಕೋಟಾದ ಮೇಲೆ ಕಾಯುವುದೇ ದೊಡ್ಡ ಕೆಲಸ. ಮುಟ್ಟಿದರೆ ಒಣಗಿದಂತೆ ತೋರುವ ಬಣ್ಣ ಒಳಗೆ ಇನ್ನೂ ಮೆತ್ತಗಿರುತ್ತದೆ, ಆಗ ಉಜ್ಜಿದರೆ ಆಮೇಲೆ ಕುಗ್ಗಿ ಮಂಕಾಗುತ್ತದೆ. ಮೂಗಿಗೆ ವಾಸನೆ ಬರುತ್ತಿರುವವರೆಗೆ ಮುಟ್ಟಬೇಡಿ ಎಂದಿದ್ದರು ಮೇಷ್ಟ್ರು. ಅಪ್ಪ ದಿನ ಬೆಳಿಗ್ಗೆ ಡಬ್ಬದೊಳಗೆ ಮೂಗು ತೂರಿಸಿ ವರದಿ ಕೊಡುತ್ತಿದ್ದ. "ಇವತ್ತು ಕಮ್ಮಿ." "ಇವತ್ತೂ ಇದೆ." ಒಂಬತ್ತನೇ ದಿನ, "ಇವತ್ತು ಬರೀ ರಟ್ಟಿನ ವಾಸನೆ" ಎಂದ.

ಆಮೇಲೆ ಹೆಚ್ಚು ಹೆಚ್ಚು ನಯವಾದ ಕಾಗದಗಳು. ಉಜ್ಜಿದಷ್ಟೂ ಕಾರು ಮಂಕಾಗುತ್ತಿತ್ತು, ಕೊನೆಗೆ ಹೊಗೆ ಹಿಡಿದ ಗಾಜಿನಂತಾಯಿತು. ಭಾನುವಾರ ಬಂದ ತಮ್ಮ ನೋಡಿ ಗಾಬರಿಯಾದ. "ಅಕ್ಕ, ಚೆನ್ನಾಗಿದ್ದಿದ್ದನ್ನ ಇಬ್ರೂ ಸೇರಿ ಹಾಳು ಮಾಡಿದ್ರಲ್ಲ! ರೆಡಿಮೇಡ್ ತಂದುಕೊಡ್ತೀನಿ ಅಂದ್ರೆ ಕೇಳಲ್ಲ ನೀವು."

"ನೀನು ಸುಮ್ನಿರು" ಎಂದ ಅಪ್ಪ. "ಇದು ಹೀಗೇ ಇರ್ಬೇಕು ಈಗ."

ಅದು ಹೀಗೇ ಇರಬೇಕು ಎಂಬುದು ಅವನಿಗೆ ಹೇಗೆ ಗೊತ್ತಾಯಿತೆಂದರೆ ಅವಳು ಹೇಳಿದ್ದಳು. ಅವಳಿಗೂ ಒಳಗೊಳಗೆ ಪೂರ್ತಿ ನಂಬಿಕೆ ಇರಲಿಲ್ಲ.

ಪಾಲಿಶಿನ ಕ್ರೀಮನ್ನು ಈ ಸಲ ಚಕ್ರಕ್ಕೆ ಕೊಡಲಿಲ್ಲ. ಹಳೇ ಬನಿಯನ್ನಿನ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಇಷ್ಟಿಷ್ಟೇ ಜಾಗ, ಸಣ್ಣ ಸಣ್ಣ ಸುತ್ತು. ಛಾವಣಿ ಅವಳು, ಬಾನೆಟ್ಟು ಅಪ್ಪ. ಅಪ್ಪ ಒಂದು ವಾರ ಬಾನೆಟ್ಟು ಬಿಡಲಿಲ್ಲ. ಒಂಬತ್ತೂಕಾಲಿನ ಬಿಸಿಲು ನಡುಮನೆಯ ಕಿಟಕಿಯಿಂದ ಮೇಜಿನವರೆಗೆ ಬರುವ ಹೊತ್ತು ಒಂದು ದಿನ, ಅವಳು ಲ್ಯಾಬಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು.

"ಪುಟ್ಟಿ, ತಡಿ."

ಅಪ್ಪ ಕಾರನ್ನು ಎಡಗಣ್ಣಿನ ಹತ್ತಿರ ಹಿಡಿದು, ಕತ್ತು ಒಂದು ಕಡೆ ವಾಲಿಸಿ ಅಲ್ಲಾಡದೆ ಕೂತಿದ್ದ.

"ಏನಪ್ಪ?"

"ಮಾತಾಡ್ಬೇಡ." ಕಾರನ್ನು ಎಡಕ್ಕೆ ವಾಲಿಸಿದ. ಬಲಕ್ಕೆ ವಾಲಿಸಿದ. "ಕಿಟಕಿ" ಎಂದ. "ಬಾನೆಟ್ಟಿನ ಮೇಲೆ ನಮ್ಮನೆ ಕಿಟಕಿ. ಅಡ್ಡಪಟ್ಟಿನೂ ಕಾಣ್ತಿದೆ."

ಅವಳು ಚಪ್ಪಲಿಯಲ್ಲೇ ಒಳಗೆ ಬಂದು ಅವನ ಹೆಗಲ ಮೇಲಿಂದ ಬಗ್ಗಿದಳು. ಉಗುರಿನಷ್ಟು ಕಿಟಕಿ, ನಾಲ್ಕು ಚೌಕ, ನಡುವೆ ಅಡ್ಡಪಟ್ಟಿ, ಆಚೆ ಬಿಳಿ ಆಕಾಶ. ಅದರ ಕೆಳಗೆ ಎರಡು ತಲೆಗಳ ನೆರಳು. ಅದು ಕಪ್ಪಲ್ಲ, ನೀಲಿ.

"ಒಂದು ಮಾತು ಹೇಳ್ಲಾ?" ಅಪ್ಪ ಕಾರನ್ನು ಕೆಳಗಿಳಿಸದೆಯೇ ಮಾತಾಡಿದ. "ಈಗೀಗ ನಂಗೆ ಒಂದು ಭಯ. ಬಾಗಿಲು ಕಾಣ್ತು ಅನ್ಸುತ್ತೆ, ನೀನು ಬಂದೆ ಅನ್ಸುತ್ತೆ. ನಿಜವಾಗ್ಲೂ ಕಾಣ್ತಾ, ಇಲ್ಲ ಬರೀ ನೆನಪಾ ಅಂತ ಗೊತ್ತಾಗಲ್ಲ. ಯಾರನ್ನ ಕೇಳೋದು? ಇದು ನೋಡು, ನಾನು ವಾಲಿಸಿದ ಕಡೆ ಓಡ್ತಿದೆ. ನೆನಪು ಹೀಗೆ ಓಡಲ್ಲ."

ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು. ಅಂಥ ಭಯವೊಂದು ಅದೇ ಮನೆಯಲ್ಲಿ, ಅದೇ ಕುರ್ಚಿಯಲ್ಲಿ ದಿನವೂ ಕೂತಿದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಔಷಧಿಯ ಹನಿ ಹಾಕಿದ್ದಳು, ದಾರಿಗಡ್ಡ ಇದ್ದ ಸ್ಟೂಲು ಎತ್ತಿದ್ದಳು, ಕಾಣುತ್ತಾ ಇಲ್ಲವಾ ಎಂದು ಕೇಳಿದ್ದಳು. ಏನು ಅನಿಸುತ್ತದೆ ಎಂದು ಕೇಳಿರಲಿಲ್ಲ.

ಅಪ್ಪ ಅಲ್ಲಿಗೇ ನಿಲ್ಲಿಸಲಿಲ್ಲ. ಕಾರ್ಖಾನೆಯ ಗೇಟಿನ ಹತ್ತಿರ ಸಂಜೆ ಕಾರು ನಿಲ್ಲಿಸಿ, ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿ ಮನೆಗೆ ಹೊರಡುತ್ತಿದ್ದುದನ್ನು ಹೇಳಿದ. "ನಿಮ್ಮಮ್ಮ ಬಾಗಿಲಲ್ಲೇ ನಿಂತು, ಇಡೀ ದಿನ ಕಾರು ಓಡಿಸಿದವನ ತಲೆ ಹೀಗಿರುತ್ತಾ, ಎಲ್ಲಿಗೆ ಹೋಗಿದ್ದೆ ಅಂತ ವಿಚಾರಣೆ ಮಾಡ್ತಿದ್ಳು." ಅವಳು ಅರ್ಧ ಗಂಟೆ ತಡವಾಗಿ ಲ್ಯಾಬಿಗೆ ಹೋದಳು, ಇಡೀ ದಿನ ತನ್ನಷ್ಟಕ್ಕೇ ನಗುತ್ತಿದ್ದಳು.

ಕಾರು ನೋಡಲು ಮೇಷ್ಟ್ರು ಮನೆಗೇ ಬಂದರು. ತಿರುಗಿಸಿ ನೋಡಿ, ಕಿಟಕಿಯ ಬಳಿ ಹೋಗಿ ನೋಡಿ, ಕಡೆಗೆ ಕಣ್ಣು ಮುಚ್ಚಿ ಬಾನೆಟ್ಟಿನ ಮೇಲೆ ಬೆರಳಾಡಿಸಿದರು. "ಯಜಮಾನ್ರೇ, ಇದು ಯಾರು ಉಜ್ಜಿದ್ದು?" ಎಂದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಮುಂದಿನ ವಾರ ಮೇಷ್ಟ್ರು ತಮ್ಮ ವರ್ಕ್‌ಶಾಪಿಗೆ ಬರುವ ಗಿರಾಕಿಯೊಬ್ಬರ ಅಂಥದೇ ಪುಟ್ಟ ಕಾರನ್ನು ಉಜ್ಜಲೆಂದು ತಂದುಕೊಟ್ಟರು. ಅದರ ಮುಂದಿನ ತಿಂಗಳು ಇನ್ನೊಂದು. ಕಾರು ಕಟ್ಟುವ ಹವ್ಯಾಸದವರು ಆ ಊರಿನಲ್ಲಿ ಅಷ್ಟು ಜನ ಇದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಪ್ಪ ಬೆಳಿಗ್ಗೆ ತಿಂಡಿ ಮುಗಿಸಿ, ಆಫೀಸಿಗೆ ಹೊರಟವನ ಹಾಗೆ ಅಂಗಿ ತೊಟ್ಟು ಮೇಜಿಗೆ ಬರತೊಡಗಿದ.

ಹೀಗೆ ಒಂದು ವರ್ಷ ನಡೆಯಿತು. ಒಂದು ದಿನ, ಹಳದಿ ವ್ಯಾನೊಂದನ್ನು ಮುಗಿಸಿ ಅವಳ ಕೈಗಿಡುತ್ತಾ ಅಪ್ಪ ಸಹಜವಾಗಿ ಹೇಳಿದ. "ಪುಟ್ಟಿ, ಮೂರು ದಿನದಿಂದ ಕಿಟಕಿನೂ ಇಲ್ಲ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ವ್ಯಾನನ್ನು ಮೇಜಿನ ಮೇಲಿಟ್ಟಳು. "ಮೂರು ದಿನ! ನಂಗೆ ಯಾಕೆ ಹೇಳಲಿಲ್ಲ ಅಪ್ಪ?"

"ಹೇಳಿದ್ರೆ ನೀನು ಆಸ್ಪತ್ರೆ ಅಂತ ಎಳ್ಕೊಂಡು ಓಡ್ತಿದ್ದೆ. ವ್ಯಾನಿನ ಬಾಗಿಲು ಬಾಕಿ ಇತ್ತು."

ಆಸ್ಪತ್ರೆಗೆ ಹೋದರು. ಡಾಕ್ಟರು ಟಾರ್ಚು ಬಿಟ್ಟು ನೋಡಿದರು, ಇದು ಬರುವುದೆಂದು ಮೊದಲೇ ತಿಳಿದಿದ್ದೇ ಅಲ್ಲವೇ ಎಂದರು. ವಾಪಸ್ಸು ಬರುವಾಗ ಆಟೋದಲ್ಲಿ ಅವಳು ಅಪ್ಪನ ಕೈ ಹಿಡಿದು, ಏನನ್ನಿಸುತ್ತಿದೆ ಎಂದು ಕೇಳಿದಳು.

"ಕಾಯೋದು ಮುಗೀತು ಅನ್ಸುತ್ತೆ" ಎಂದ. "ಇವತ್ತು ಹೋಗುತ್ತಾ ನಾಳೆ ಹೋಗುತ್ತಾ ಅಂತ ದಿನಾ ಬೆಳಗ್ಗೆ ಎದ್ದು ನೋಡ್ತಿದ್ದೆನಲ್ಲ, ಅದು ಮುಗೀತು. ಬೇಜಾರಿದೆ. ಆದ್ರೆ ಆ ಭಯ ಇಲ್ಲ."

ಮೂರು ನಾಲ್ಕು ದಿನ ಅಪ್ಪ ಮೇಜಿಗೆ ಬರಲಿಲ್ಲ. ಅವಳು ಏನನ್ನೂ ಎತ್ತಲಿಲ್ಲ, ಏನನ್ನೂ ಇಡಲಿಲ್ಲ. ಐದನೇ ದಿನ ಸಂಜೆ ಲ್ಯಾಬಿನಿಂದ ಬಂದಾಗ ಅಪ್ಪ ಮೇಜಿನ ಮುಂದೆ ಕೂತಿದ್ದ, ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಮೇಷ್ಟ್ರು ಹಿಂದಿನ ವಾರ ಬಿಟ್ಟುಹೋಗಿದ್ದ ಲಾರಿಯ ಕ್ಯಾಬಿನ್ನು ಅವನ ಕೈಯಲ್ಲಿತ್ತು. ಅವನೇ ತಡಕಾಡಿ ಕಪಾಟಿನಿಂದ ತೆಗೆದುಕೊಂಡಿದ್ದ. ಬೆರಳು ಅದರ ನೆತ್ತಿಯ ಮೇಲೆ ಹೋಗಿ ಬರುತ್ತಿತ್ತು.

"ಬಂದ್ಯಾ? ಇದಕ್ಕೆ ಪ್ರೈಮರ್ ಹೊಡೆದೋರು ಯಾರು?"

"ಗೊತ್ತಿಲ್ಲಪ್ಪ. ಗಿರಾಕಿನೇ ಹೊಡೆದಿರ್ಬೇಕು."

"ಅಯ್ಯೋ ದೇವರೇ, ರಸ್ತೆಗೆ ಜಲ್ಲಿ ಹಾಕಿದ ಹಾಗಿದೆ. ತಟ್ಟೆಗೆ ನೀರು ತಾ."

ಅವಳು ಚೀಲ ಕೆಳಗಿಟ್ಟು ನೀರು ತರಲು ಹೋದಳು.